ಕಡಲ್ಗಳ್ಳರ ಅತ್ತಿಗೆ

ಪೈರೇಟ್ಸ್ ಆಫ್ ದಿ ಕೆರಿಬಿಯನ್ ಮೂರನೇ ಭಾಗ ನೋಡಿದವರಿಗೆ ಒಂದು ದೃಶ್ಯ ನೆನಪಿರಬಹುದು. ಜಗತ್ತಿನ ಒಂಬತ್ತು ಜನ ಕಡಲ್ಗಳ್ಳರ ದೊರೆಗಳು ಒಂದು ಕಡೆ ಸೇರಿ ಸಭೆ ನಡೆಸ್ತಾರೆ. ಅವರಲ್ಲಿ ಒಬ್ಬಳು ಚೀನಾದ ವಯಸ್ಸಾದ ಹೆಂಗಸು, ಮಿಸ್ಟ್ರೆಸ್ ಚಿಂಗ್ ಅಂತ. ಸಿನಿಮಾದಲ್ಲಿ ಅವಳಿಗೆ ಹೆಚ್ಚು ಕೆಲಸ ಇಲ್ಲ. ನಾವೆಲ್ಲ ಜ್ಯಾಕ್ ಸ್ಪ್ಯಾರೋನ ನೋಡ್ತಾ ಕೂತಿರ್ತೀವಿ, ಅವಳು ಬಂದು ಹೋಗಿದ್ದೂ ಗೊತ್ತಾಗಲ್ಲ.

ನಿಜ ಇರೋದು ಪೂರ್ತಿ ಉಲ್ಟಾ. ಆ ಪಾತ್ರಕ್ಕೆ ಮೂಲವಾದ ಹೆಂಗಸಿನ ಮುಂದೆ ಕೆರಿಬಿಯನ್ನಿನ ಹೆಸರಾಂತ ಕಳ್ಳರೆಲ್ಲ ಹುಡುಗಾಟದವರು. ಬ್ಲ್ಯಾಕ್‌ಬಿಯರ್ಡ್ ಹೆಸರು ಕೇಳಿರ್ತೀರಿ. ಅವನು 1718ರಲ್ಲಿ ಅಮೆರಿಕದ ಚಾರ್ಲ್ಸ್‌ಟನ್ ಬಂದರಿಗೆ ಮುತ್ತಿಗೆ ಹಾಕಿದಾಗ ಅವನ ಹತ್ತಿರ ಇದ್ದದ್ದು ನಾಲ್ಕು ಹಡಗು, ಮುನ್ನೂರು ನಾನೂರು ಜನ. ಈಕೆಯ ಕೂಟ 1809ರಲ್ಲಿ ಉಚ್ಛ್ರಾಯದಲ್ಲಿದ್ದಾಗ ದೊಡ್ಡದು ಚಿಕ್ಕದು ಎಲ್ಲ ಸೇರಿ ಸಾವಿರಕ್ಕೂ ಹೆಚ್ಚು ಹಡಗು ದೋಣಿ, ಅಂದಾಜು ಐವತ್ತರಿಂದ ಎಪ್ಪತ್ತು ಸಾವಿರ ಜನ. ಆ ಕಾಲದ ಎಷ್ಟೋ ದೇಶಗಳಿಗೆ ಅಷ್ಟು ದೊಡ್ಡ ನೌಕಾಪಡೆ ಇರಲಿಲ್ಲ.

ಇಷ್ಟೆಲ್ಲ ಆಳಿದವಳ ಹೆಸರೇನು? ಇತಿಹಾಸದಲ್ಲಿ ಆಕೆ ಜೆಂಗ್ ಯಿ ಸಾವ್. ಇದು ಹೆಸರಲ್ಲ, ಸಂಬಂಧ. ಜೆಂಗ್ ಯಿ ಅನ್ನೋದು ಗಂಡನ ಹೆಸರು. ಸಾವ್ ಅಂದ್ರೆ ಅಣ್ಣನ ಹೆಂಡತಿ. ಇಂಗ್ಲಿಷಿನಲ್ಲಿ ಇದನ್ನ ಹೇಳೋಕೆ ಒಂದು ಸಾಲು ಬೇಕು, ನಮಗೆ ಒಂದೇ ಪದ ಸಾಕು: ಅತ್ತಿಗೆ. ಎಪ್ಪತ್ತು ಸಾವಿರ ಕಳ್ಳರು ಆಕೆಯನ್ನ ಅತ್ತಿಗೆ ಅಂತಿದ್ರು. ಅಂದ್ರೆ ಲೆಕ್ಕಕ್ಕೆ ಅವರೆಲ್ಲ ಆಕೆಯ ಮೈದುನರು. ಈ ಲೇಖನದಲ್ಲಿ ನಾನೂ ಹಾಗೇ ಕರೀತೀನಿ.

ಅತ್ತಿಗೆ ಹುಟ್ಟಿದ್ದು 1775ರ ಸುಮಾರಿಗೆ, ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲಿ. ತವರಿನ ಮನೆತನದ ಹೆಸರು ಶಿ. ಮದುವೆಗೆ ಮುಂಚೆ ಗುವಾಂಗ್‌ಜೌ ಪಟ್ಟಣದ (ಬ್ರಿಟಿಷರು ಕ್ಯಾಂಟನ್ ಅಂತಿದ್ದ ಊರು) ನೀರಿನ ಮೇಲೆ ತೇಲುವ ವೇಶ್ಯಾಗೃಹದಲ್ಲಿ ಇದ್ದಳು ಅಂತ ಹೆಚ್ಚಿನ ಕಥನಗಳು ಹೇಳ್ತವೆ. ಆ ಕಡಲ ತೀರದಲ್ಲಿ ತಂಕಾ ಅನ್ನೋ ದೋಣಿವಾಸಿ ಜನ ಇದ್ರು. ಹುಟ್ಟು, ಮದುವೆ, ಸಾವು ಎಲ್ಲ ದೋಣಿಯಲ್ಲೇ. ದಡದ ಜನ ಇವರನ್ನ ಕೀಳಾಗಿ ಕಾಣ್ತಿದ್ರು. ಆದರೆ ಒಂದು ವಿಷಯ ಗಮನಿಸಿ. ದಡದ ಮೇಲಿನ ಮರ್ಯಾದಸ್ಥ ಮನೆಗಳ ಹೆಣ್ಣುಮಕ್ಕಳಿಗೆ ಪಾದ ಕಟ್ಟಿ ಕಟ್ಟಿ ಸಣ್ಣ ಮಾಡಿ, ನೆಟ್ಟಗೆ ನಡೆಯೋಕೂ ಆಗದ ಹಾಗೆ ಮಾಡಿರ್ತಿದ್ರು. ದೋಣಿಯ ಹೆಂಗಸರಿಗೆ ಆ ಭಾಗ್ಯ ಇರಲಿಲ್ಲ. ಅವರು ಹುಟ್ಟು ಹಾಕ್ತಿದ್ರು, ಚುಕ್ಕಾಣಿ ಹಿಡೀತಿದ್ರು, ಮಗುವನ್ನ ಬೆನ್ನಿಗೆ ಕಟ್ಟಿಕೊಂಡು ಹಾಯಿ ಏರಿಸ್ತಿದ್ರು. ಹಡಗಿನ ಮೇಲೆ ಹೆಂಗಸು ಇರೋದು ಅಪಶಕುನ ಅಂತ ಯೂರೋಪಿನ ನಾವಿಕರು ನಂಬಿದ್ದ ಕಾಲದಲ್ಲಿ, ಇಲ್ಲಿ ಹೆಂಗಸಿಲ್ಲದೆ ದೋಣಿ ಮುಂದಕ್ಕೆ ಹೋಗ್ತಿರಲಿಲ್ಲ.

1801ರಲ್ಲಿ ಮದುವೆ. ಗಂಡ ಜೆಂಗ್ ಯಿ, ತಲೆಮಾರುಗಳಿಂದ ಕಡಲ್ಗಳ್ಳತನವನ್ನೇ ಕಸುಬು ಮಾಡಿಕೊಂಡ ಮನೆತನದವನು. ಆ ಹೊತ್ತಿಗೆ ಅವನ ಕಡೆಯವರು ಬರೀ ಕಳ್ಳರಾಗಿರಲಿಲ್ಲ, ಒಂಥರಾ ಸರ್ಕಾರಿ ಗುತ್ತಿಗೆದಾರರಾಗಿದ್ರು. ಪಕ್ಕದ ವಿಯೆಟ್ನಾಮಿನಲ್ಲಿ ತೈ ಸನ್ ಅನ್ನೋ ಬಂಡಾಯದ ಅರಸೊತ್ತಿಗೆ ಅಂತರ್ಯುದ್ಧದಲ್ಲಿ ಸಿಕ್ಕಿಕೊಂಡಿತ್ತು. ಅದು ಚೀನಾದ ಕಳ್ಳರಿಗೆ ಹಡಗು, ಪದವಿ, ಅಡಗೋಕೆ ಬಂದರು ಕೊಟ್ಟು ತನ್ನ ಪರವಾಗಿ ಬಡಿದಾಡಿಸ್ತಿತ್ತು. 1802ರಲ್ಲಿ ತೈ ಸನ್ ಸೋತು ನೆಲಕಚ್ಚಿತು. ಒಂದೇ ಏಟಿಗೆ ಸಾವಿರಾರು ಜನ ಯುದ್ಧ ಕಲಿತ, ಆದರೆ ಕೆಲಸ ಇಲ್ಲದ ಕಳ್ಳರು ಚೀನಾದ ಕಡಲಿಗೆ ವಾಪಸ್ ಬಂದ್ರು. ಬಂದವರು ಮೊದಲು ಮಾಡಿದ್ದು ತಮ್ಮತಮ್ಮಲ್ಲೇ ಕಚ್ಚಾಡಿದ್ದು.

ಇಲ್ಲಿಂದ ಕಥೆ ನಮ್ಮಂಥವರಿಗೆ ರುಚಿ ಹತ್ತುತ್ತೆ, ಯಾಕಂದ್ರೆ ಇದು ಕತ್ತಿಯ ಕಥೆಗಿಂತ ಹೆಚ್ಚಾಗಿ ವ್ಯವಸ್ಥೆಯ ಕಥೆ. 1805ರಲ್ಲಿ ಜೆಂಗ್ ಯಿ ಸೇರಿ ಏಳು ಜನ ನಾಯಕರು ಒಂದು ಕರಾರುಪತ್ರಕ್ಕೆ ಸಹಿ ಹಾಕಿದ್ರು. ಪ್ರತಿ ಹಡಗೂ ನೋಂದಣಿ ಆಗಬೇಕು. ನಮ್ಮ ಬೈಕಿನ ನಂಬರ್ ಪ್ಲೇಟ್ ಥರ, ಯಾವ ಪಡೆಯ ಯಾವ ಹಡಗು ಅಂತ ಮೂತಿಯ ಮೇಲೆ ಕಾಣಬೇಕು. ಒಬ್ಬರು ಹಿಡಿದ ಮಾಲಿಗೆ ಇನ್ನೊಬ್ಬರು ಕೈ ಹಾಕಬಾರದು. ಏಳರಲ್ಲಿ ಒಬ್ಬ ಸ್ವಲ್ಪದರಲ್ಲೇ ಕಳಚಿಕೊಂಡ. ಉಳಿದದ್ದು ಆರು ಪಡೆ, ಒಂದೊಂದಕ್ಕೂ ಒಂದು ಬಣ್ಣದ ಬಾವುಟ: ಕೆಂಪು, ಕಪ್ಪು, ಬಿಳಿ, ಹಸಿರು, ನೀಲಿ, ಹಳದಿ. ಎಲ್ಲಕ್ಕಿಂತ ದೊಡ್ಡದು ಜೆಂಗ್ ಯಿಯ ಕೆಂಪು ಪಡೆ.

ಎರಡೇ ವರ್ಷ. 1807ರ ನವೆಂಬರಿನಲ್ಲಿ ಜೆಂಗ್ ಯಿ ಸತ್ತ. ಬಿರುಗಾಳಿಗೆ ಹಡಗಿನಿಂದ ನೀರಿಗೆ ಬಿದ್ದ ಅಂತ ಕೆಲವರು, ಗುಂಡು ತಗುಲಿತು ಅಂತ ಇನ್ನು ಕೆಲವರು. ಅತ್ತಿಗೆಗೆ ಆಗ ಮೂವತ್ತೆರಡರ ಆಸುಪಾಸು. ಇಬ್ಬರು ಗಂಡುಮಕ್ಕಳು, ಒಬ್ಬನಿಗೆ ನಾಲ್ಕು ವರ್ಷ, ಇನ್ನೊಬ್ಬ ಆ ವರ್ಷವೇ ಹುಟ್ಟಿದ ಕೂಸು. ಸುತ್ತ ಐದು ಬಣ್ಣದ ಐದು ನಾಯಕರು, ಒಬ್ಬೊಬ್ಬನೂ ತಾನೇ ದೊಡ್ಡವನಾಗಬಹುದಲ್ಲ ಅಂತ ಲೆಕ್ಕ ಹಾಕ್ತಿದ್ದಾನೆ.

ಸಿನಿಮಾ ಆಗಿದ್ರೆ ಇಲ್ಲೊಂದು ಫೈಟು ಇರ್ತಿತ್ತು. ಅತ್ತಿಗೆ ಮಾಡಿದ್ದು ನಮ್ಮ ಮನೆಗಳಲ್ಲಿ ಆಸ್ತಿ ಭಾಗದ ಹೊತ್ತಿಗೆ ಜಾಣ ಹೆಂಗಸರು ಮಾಡೋದನ್ನೇ. ಮೊದಲು ಗಂಡನ ಕಡೆಯ ನೆಂಟರ ಹತ್ತಿರ ಹೋದಳು. ಅವರಲ್ಲಿ ಪ್ರಭಾವ ಇದ್ದ ಇಬ್ಬರನ್ನ ತನ್ನ ಪರ ಮಾಡಿಕೊಂಡಳು. ಗಂಡನ ನಂಬಿಕಸ್ಥರನ್ನ ಹತ್ತಿರ ಇಟ್ಟುಕೊಂಡಳು. ಆಮೇಲೆ ದಿನನಿತ್ಯ ಕೆಂಪು ಪಡೆ ನಡೆಸೋಕೆ ಒಬ್ಬನನ್ನ ಆರಿಸಿದಳು. ಅವನ ಹೆಸರು ಜಾಂಗ್ ಬಾವ್, ಬೆಸ್ತರ ಹುಡುಗ. ಹದಿನೈದನೇ ವಯಸ್ಸಿನಲ್ಲಿ ಕಳ್ಳರ ಕೈಗೆ ಸಿಕ್ಕಿದವನು. ಜೆಂಗ್ ಯಿ ಅವನನ್ನ ದತ್ತು ತಗೊಂಡು ಬೆಳೆಸಿದ್ದ. ಹಾಗಾಗಿ ಅವನಿಗೆ ಇದ್ದ ಸ್ಥಾನಮಾನ ಎಲ್ಲ ಈ ಮನೆಯಿಂದಲೇ ಬಂದದ್ದು, ಆದರೆ ಜನ ಅವನ ಮಾತು ಕೇಳ್ತಿದ್ರು. ಸ್ವಲ್ಪ ದಿನಕ್ಕೆ ಇಬ್ಬರ ನಡುವೆ ಸಂಬಂಧವೂ ಬೆಳೀತು. ಗಂಡನ ದತ್ತುಮಗನ ಜೊತೆ ಅಂತ ಮೂಗು ಮುರಿಯೋದು ಸುಲಭ. ಆದರೆ ಆಕೆಯ ಸ್ಥಾನದಲ್ಲಿ ನಿಂತು ನೋಡಿದರೆ, ಪಡೆ ಒಡೆಯದ ಹಾಗೆ ನೋಡಿಕೊಳ್ಳೋಕೆ ಇದಕ್ಕಿಂತ ಗಟ್ಟಿ ದಾರಿ ಬೇರೆ ಇರಲಿಲ್ಲ.

ಇನ್ನು ಆದಾಯ. ಸುಲಿಗೆಯಿಂದ ಎಪ್ಪತ್ತು ಸಾವಿರ ಹೊಟ್ಟೆ ತುಂಬಲ್ಲ. ಇವತ್ತು ಹಡಗು ಸಿಗುತ್ತೆ, ನಾಳೆ ಸಿಗಲ್ಲ. ಹಾಸ್ಟೆಲ್ ಮೆಸ್ಸಿನ ಲೆಕ್ಕ ನೋಡಿಕೊಂಡವರಿಗೆ ಈ ಕಷ್ಟ ಗೊತ್ತು. ಅದಕ್ಕೆ ಕೂಟ ಕಂಡುಕೊಂಡ ದಾರಿ ರಹದಾರಿ ಚೀಟಿ. ಆ ಕರಾವಳಿಯಲ್ಲಿ ಉಪ್ಪಿನ ವ್ಯಾಪಾರ ದೊಡ್ಡದು. ಉಪ್ಪಿನ ಹಡಗುಗಳು, ಮೀನುಗಾರರು, ಸರಕಿನ ವರ್ತಕರು ಮೊದಲೇ ಹಣ ಕಟ್ಟಿ ಚೀಟಿ ಪಡೀಬೇಕು. ಚೀಟಿ ತೋರಿಸಿದ ಹಡಗನ್ನ ಆರು ಪಡೆಯಲ್ಲಿ ಯಾರೂ ಮುಟ್ಟಬಾರದು. ಮುಟ್ಟಿದವನಿಗೆ ಕೂಟದಿಂದಲೇ ಶಿಕ್ಷೆ, ಮೇಲಿಂದ ನಷ್ಟ ತುಂಬಿಕೊಡಬೇಕು. ಹಫ್ತಾ ಅನ್ನಿ, ತೆರಿಗೆ ಅನ್ನಿ. ವ್ಯತ್ಯಾಸ ಏನಂದ್ರೆ, ಸರ್ಕಾರಕ್ಕೆ ತೆರಿಗೆ ಕಟ್ಟಿದ್ರೂ ಹಡಗು ಕ್ಷೇಮವಾಗಿ ಊರು ಸೇರೋ ಖಾತ್ರಿ ಇರಲಿಲ್ಲ, ಇವರಿಗೆ ಕಟ್ಟಿದ್ರೆ ಇತ್ತು. ಮಾತಿಗೆ ಬೆಲೆ ಇರೋದ್ರಿಂದಲೇ ಧಂದೆ ನಡೀತಿತ್ತು. ಹೀಗಾಗಿ ಕಳ್ಳರ ಕೂಟಕ್ಕೆ ತನ್ನವರ ಕಳ್ಳತನ ತಡೆಯೋದೇ ದೊಡ್ಡ ಕೆಲಸ ಆಯ್ತು!

ಅದಕ್ಕೇ ಕಾನೂನು ಅಷ್ಟು ಬಿಗಿ. ತನ್ನಿಷ್ಟಕ್ಕೆ ತಾನು ಅಪ್ಪಣೆ ಹೊರಡಿಸಿದವನ ತಲೆ ಹೋಗುತ್ತೆ. ಲೂಟಿಯ ಮಾಲು ಮೊದಲು ಪಟ್ಟಿ ಆಗಬೇಕು. ಹತ್ತರಲ್ಲಿ ಎರಡು ಪಾಲು ಹಿಡಿದವನಿಗೆ, ಎಂಟು ಪಾಲು ಎಲ್ಲರ ಉಗ್ರಾಣಕ್ಕೆ. ಉಗ್ರಾಣದಿಂದ ಕದ್ದರೆ ತಲೆ. ಅಕ್ಕಿ ಬೇಳೆ ಕೊಡೋ ಹಳ್ಳಿಗರ ಹತ್ತಿರ ದುಡ್ಡು ಕೊಡದೆ ಕಿತ್ತುಕೊಂಡರೆ ತಲೆ. ರಜೆ ಹೇಳದೆ ದಡಕ್ಕೆ ಹೋದವನ ಕಿವಿ ಕತ್ತರಿಸಿ ಪಡೆಯ ತುಂಬ ಮೆರವಣಿಗೆ. ಸೆರೆ ಸಿಕ್ಕ ಹೆಂಗಸಿನ ಮೇಲೆ ಬಲಾತ್ಕಾರ ಮಾಡಿದರೂ ತಲೆ. ಚೀನೀ ದಾಖಲೆ ಈ ಕಟ್ಟಳೆಗಳನ್ನ ಜಾಂಗ್ ಬಾವ್ ಹೆಸರಿಗೆ ಬರೆದಿದೆ, ಈಗಿನ ಬರಹಗಳು ಅತ್ತಿಗೆ ಹೆಸರಿಗೆ ಬರೀತವೆ. ಕೆಂಪು ಪಡೆಯ ಹಣಕಾಸು, ನಿರ್ಧಾರ ಎಲ್ಲ ಆಕೆಯ ಕಣ್ಣಳತೆಯಲ್ಲಿ ನಡೀತಿತ್ತು. ಆಕೆ ಒಪ್ಪದ ಕಾನೂನು ಅಲ್ಲಿ ನಡೀತಿತ್ತು ಅಂತ ನನಗನಿಸಲ್ಲ.

ಈ ಹಡಗುಗಳ ಒಳಗೆ ಬದುಕು ಹೇಗಿತ್ತು ಅಂತ ನಮಗೆ ಗೊತ್ತಾಗೋಕೆ ಕಾರಣ ರಿಚರ್ಡ್ ಗ್ಲಾಸ್‌ಪೂಲ್. ಈಸ್ಟ್ ಇಂಡಿಯಾ ಕಂಪನಿಯ ಮಾರ್ಕ್ವಿಸ್ ಆಫ್ ಈಲಿ ಹಡಗಿನ ಅಧಿಕಾರಿ. 1809ರ ಸೆಪ್ಟೆಂಬರಿನಲ್ಲಿ ಸಣ್ಣ ದೋಣಿಯಲ್ಲಿ ಹೋಗ್ತಿದ್ದಾಗ ಸಿಕ್ಕಿಬಿದ್ದು ಡಿಸೆಂಬರ್ ತನಕ ಸೆರೆಯಲ್ಲಿದ್ದ. ಅವನು ಬರೆದಿಟ್ಟ ಪ್ರಕಾರ ಒಬ್ಬೊಬ್ಬ ಕಳ್ಳನಿಗೂ ಹಡಗಿನಲ್ಲಿ ಸಿಗ್ತಿದ್ದದ್ದು ನಾಲ್ಕು ಅಡಿ ಉದ್ದ ನಾಲ್ಕು ಅಡಿ ಅಗಲದ ಗೂಡು. ಅದರಲ್ಲೇ ಹೆಂಡತಿ, ಮಕ್ಕಳು, ಸಂಸಾರ. (ಮೂರು ಜನಕ್ಕೆ ಒಂದು ರೂಮು ಅಂತ ವಾರ್ಡನ್ ಹತ್ತಿರ ಜಗಳ ಆಡಿದ್ದು ನೆನಪಾಗಿ ನಾಚಿಕೆ ಆಯ್ತು.) ಊಟಕ್ಕೆ ಏನೂ ಇಲ್ಲದಾಗ ಮೂರು ವಾರ ಅನ್ನದ ಜೊತೆ ಬೇಯಿಸಿದ ಕಂಬಳಿಹುಳ. ಗುಂಡಿನ ಕಾಳಗ ನಡೆಯುವಾಗ ನಾಯಕನ ಹೆಂಡತಿ ಬಂದು ಇವನ ಮೇಲೆ ಬೆಳ್ಳುಳ್ಳಿ ನೀರು ಚಿಮುಕಿಸ್ತಿದ್ದಳಂತೆ, ಗುಂಡು ತಾಗದಿರಲಿ ಅಂತ. ಸೆರೆಯಾಳು ಸತ್ತರೆ ಬಿಡುಗಡೆಯ ದುಡ್ಡೂ ಹೋಗುತ್ತಲ್ಲ! ಕೊನೆಗೆ ಅವನ ಬಿಡುಗಡೆಗೆ ಕೊಟ್ಟದ್ದರಲ್ಲಿ ಬೆಳ್ಳಿ ನಾಣ್ಯದ ಜೊತೆ ಒಳ್ಳೆ ಬಟ್ಟೆ, ಮದ್ದಿನ ಪೀಪಾಯಿ, ಒಂದು ದುರ್ಬೀನು, ಎರಡು ಪೆಟ್ಟಿಗೆ ಅಫೀಮು ಇತ್ತು. ಆಗ ಅಲ್ಲಿಗೆ ಬರ್ತಿದ್ದ ಅಫೀಮು ಹೆಚ್ಚಾಗಿ ನಮ್ಮ ದೇಶದ ಹೊಲಗಳದ್ದೇ.

ಇಲ್ಲಿವರೆಗೆ ಓದಿ ಅತ್ತಿಗೆ ಬಗ್ಗೆ ಸ್ವಲ್ಪ ಮೆಚ್ಚುಗೆ ಹುಟ್ಟಿರಬೇಕು. ನನಗೂ ಹುಟ್ಟಿತ್ತು. ಮಹಿಳಾ ದಿನಾಚರಣೆ ಬಂತಂದ್ರೆ ವಾಟ್ಸಾಪಿನಲ್ಲಿ ಓಡಾಡೋ ಧೀರ ಮಹಿಳೆಯರ ಪಟ್ಟಿಯಲ್ಲಿ ಈಕೆಯೂ ಇರ್ತಾಳೆ. ಅದಕ್ಕೇ ಮುಂದಿನ ಭಾಗ ಬಿಟ್ಟು ಬರೆಯೋ ಹಾಗಿಲ್ಲ.

1809ರಲ್ಲಿ ಗುವಾಂಗ್‌ಡಾಂಗಿಗೆ ಬಾಯ್ ಲಿಂಗ್ ಅನ್ನೋ ಹೊಸ ರಾಜ್ಯಪಾಲ ಬಂದ. ಅಷ್ಟರಲ್ಲಿ ಕಳ್ಳರ ಜೊತೆ ಬಡಿದಾಡಿ ಪ್ರಾಂತ್ಯದ ಯುದ್ಧದ ಹಡಗುಗಳಲ್ಲಿ ಹತ್ತಿರ ಹತ್ತಿರ ಅರ್ಧ ಹೋಗಿದ್ವು. ಇವನು ಕಾದಾಟ ಬಿಟ್ಟು ಹೊಟ್ಟೆಗೆ ಹೊಡೆದ. ಉಪ್ಪನ್ನ ಕಡಲಲ್ಲಿ ಸಾಗಿಸೋದು ನಿಲ್ಲಿಸಿ, ನೆಲದ ಮೇಲೆ ಸಾಗಿಸಿ ಅಂದ. ರಹದಾರಿ ಕೊಳ್ಳೋರೇ ಇಲ್ಲದ ಮೇಲೆ ಕಳ್ಳರ ಆದಾಯ ನಿಂತಿತು. ಕಡಲಲ್ಲಿ ಬೇಟೆ ಇಲ್ಲ ಅಂದಾಗ ಅವರು ಪರ್ಲ್ ನದಿಯ ಕಾಲುವೆಗಳೊಳಗೆ ಹಡಗು ನುಗ್ಗಿಸಿ ಹಳ್ಳಿಗಳ ಮೇಲೆ ಬಿದ್ದರು. ಆ ವರ್ಷ ಆಗಸ್ಟಿನಿಂದ ಅಕ್ಟೋಬರಿನವರೆಗೆ ಊರಿಗೆ ಊರು ಸುಟ್ಟವು. ಎದುರು ನಿಂತ ಒಂದು ಹಳ್ಳಿಯಲ್ಲಿ ಎಂಬತ್ತು ಜನರ ತಲೆ ಕಡಿದು ಆಲದ ಮರಕ್ಕೆ ನೇತು ಹಾಕಿದರು. ಹೆಂಗಸರನ್ನ ಗುಂಪುಗುಂಪಾಗಿ ಹಡಗಿಗೆ ಎಳೆದೊಯ್ದರು. ಬಲಾತ್ಕಾರ ಮಾಡಿದವನ ತಲೆ ಹೋಗುತ್ತೆ ಅಂತ ಕಾನೂನಿತ್ತಲ್ಲ, ಅದರ ಇನ್ನೊಂದು ಮುಖ ಇದು: ದುಡ್ಡು ಬರೋ ಹೆಂಗಸರನ್ನ ಮನೆಯವರು ಬಂದು ಬಿಡಿಸಿಕೊಳ್ಳೋವರೆಗೆ ಕಾಯಬೇಕು, ಬರದೇ ಹೋದರೆ ಕಳ್ಳರೇ ಬೆಲೆ ಕೊಟ್ಟು ಹೆಂಡತಿ ಮಾಡಿಕೊಳ್ಳಬಹುದು. ಮಾಲು ಕೆಡದ ಹಾಗೆ ನೋಡಿಕೊಳ್ಳೋ ನಿಯಮ.

ಹಾಗೆ ಒಯ್ದವರಲ್ಲಿ ಮೇಯ್ ಯಿಂಗ್ ಅನ್ನೋ ಹೆಂಗಸೊಬ್ಬಳು ಇದ್ದಳು. ಯುವಾನ್ ಯುಂಗ್‌ಲುನ್ ಅನ್ನೋ ಚೀನೀ ಲೇಖಕ 1830ರಲ್ಲಿ ಪ್ರಕಟಿಸಿದ ಈ ಕಾಲದ ವೃತ್ತಾಂತದಲ್ಲಿ ಅವಳ ಕಥೆ ಇದೆ. ಕಳ್ಳನೊಬ್ಬ ಹಿಡಿಯೋಕೆ ಬಂದಾಗ ಬಾಯಿಗೆ ಬಂದ ಹಾಗೆ ಬೈದಳು. ಅವನು ಹಾಯಿಯ ಅಡ್ಡಮರಕ್ಕೆ ಕಟ್ಟಿದ. ಇನ್ನೂ ಬೈದಳು. ಕೆಳಗಿಳಿಸಿ ಹೊಡೆದ ಹೊಡೆತಕ್ಕೆ ಎರಡು ಹಲ್ಲು ಮುರಿದು ಬಾಯೆಲ್ಲ ರಕ್ತ. ಮತ್ತೆ ಕಟ್ಟೋಕೆ ಹತ್ತಿರ ಬಂದಾಗ ಸುಮ್ಮನಿದ್ದಳು. ಅವನು ಪೂರ್ತಿ ಹತ್ತಿರ ಬರೋವರೆಗೂ ಸುಮ್ಮನಿದ್ದು, ಅದೇ ರಕ್ತದ ಬಾಯಲ್ಲಿ ಅವನ ಬಟ್ಟೆ ಕಚ್ಚಿ ಹಿಡಿದು, ಅವನ ಸಮೇತ ನದಿಗೆ ಹಾರಿದಳು. ಇಬ್ಬರೂ ಮುಳುಗಿದರು.

ನಾನು ಅತ್ತಿಗೆಯ ಕಥೆ ಹುಡುಕುತ್ತಾ ಹೋಗಿ ಈ ಪುಟಕ್ಕೆ ಬಂದು ನಿಂತೆ. ಎಪ್ಪತ್ತು ಸಾವಿರ ಜನರನ್ನ ಆಳಿದವಳು ಗಂಡನ ಹೆಸರಿನಲ್ಲಿ ಉಳಿದಿದ್ದಾಳೆ, ಅವಳ ಪಡೆಯವನನ್ನ ಹಲ್ಲಲ್ಲಿ ಕಚ್ಚಿ ಮುಳುಗಿಸಿದ ಹಳ್ಳಿಯ ಹೆಂಗಸು ಸ್ವಂತ ಹೆಸರಿನಲ್ಲಿ ಉಳಿದಿದ್ದಾಳೆ. ವಾಟ್ಸಾಪಿನ ಪಟ್ಟಿಯಲ್ಲಿ ಮಾತ್ರ ಅವಳಿಲ್ಲ.

ಮುಂದಿನ ಘಟನೆಗಳು ಬೇಗಬೇಗ ನಡೆದವು. ನವೆಂಬರ್ ಕೊನೆಯಲ್ಲಿ ಕೆಂಪು ಪಡೆ ಲಂಟಾವ್ ದ್ವೀಪದ ಕೊಲ್ಲಿಯೊಂದರಲ್ಲಿ ದುರಸ್ತಿಗೆ ನಿಂತಿದ್ದಾಗ ಚಕ್ರವರ್ತಿಯ ನೌಕಾಪಡೆಯೂ ಮಕಾವಿನ ಪೋರ್ಚುಗೀಸ್ ಹಡಗುಗಳೂ ಸೇರಿ ಬಾಯಿಗೆ ಅಡ್ಡ ನಿಂತವು. ಇವತ್ತು ಹಾಂಗ್‌ಕಾಂಗ್ ವಿಮಾನ ನಿಲ್ದಾಣ ಇರೋ ಜಾಗದ ಪಕ್ಕದಲ್ಲೇ. ಸರ್ಕಾರದವರು ಹುಲ್ಲು, ಮದ್ದು ತುಂಬಿದ ದೋಣಿಗಳಿಗೆ ಬೆಂಕಿ ಹಚ್ಚಿ ಒಳಗೆ ತೇಲಿಬಿಟ್ಟರು. ಗಾಳಿ ತಿರುಗಿತು. ಬೆಂಕಿ ದೋಣಿಗಳು ಬಿಟ್ಟವರ ಕಡೆಗೇ ವಾಪಸ್ ಬಂದು ಅವರದ್ದೇ ಹಡಗು ಸುಟ್ಟವು. ಇನ್ನು ಕೆಲವನ್ನ ಕಳ್ಳರು ಕೊಕ್ಕೆ ಹಾಕಿ ಎಳೆದು, ಬೆಂಕಿ ಆರಿಸಿ, ಅಡುಗೆಗೆ ಸೌದೆ ಮಾಡಿಕೊಂಡರು. ಗಾಳಿ ಅನುಕೂಲ ಆದ ದಿನ ಪಡೆ ತಪ್ಪಿಸಿಕೊಂಡು ಹೊರಟೇ ಹೋಯ್ತು.

ಆದರೆ ಆ ಮುತ್ತಿಗೆಯ ಹೊತ್ತಲ್ಲಿ ಒಂದು ಬಿರುಕು ಬಿಟ್ಟಿತ್ತು. ಕಪ್ಪು ಬಾವುಟದ ನಾಯಕ ಗುವೊ ಪೊದಾಯ್, ಹಡಗಿನಲ್ಲೂ ಪುಸ್ತಕ ಇಟ್ಟುಕೊಂಡು ಓದ್ತಿದ್ದ ಮನುಷ್ಯ, ಸಹಾಯಕ್ಕೆ ಕರೆದರೂ ಬರಲಿಲ್ಲ. ಜಾಂಗ್ ಬಾವ್ ಬೆಳೆದದ್ದು ಅವನಿಗೆ ಸಹಿಸಿರಲಿಲ್ಲ. ಮುಂದೆ ಇಬ್ಬರ ಪಡೆಗಳೂ ಕೈ ಕೈ ಮಿಲಾಯಿಸಿದವು. 1810ರ ಜನವರಿಯಲ್ಲಿ ಗುವೊ ಪೊದಾಯ್ ಐದು ಸಾವಿರಕ್ಕೂ ಹೆಚ್ಚು ಜನರ ಜೊತೆ ಸರ್ಕಾರಕ್ಕೆ ಶರಣಾಗಿ ಸೈನ್ಯದಲ್ಲಿ ಅಧಿಕಾರಿಯಾದ.

ಉಳಿದವರು ದ್ರೋಹ ಅಂದರು. ಅತ್ತಿಗೆ ಲೆಕ್ಕ ಹಾಕಿದಳು. ಆರು ಪಡೆ ಒಗ್ಗಟ್ಟಾಗಿರೋವರೆಗೆ ಮಾತ್ರ ಕೂಟಕ್ಕೆ ಬಲ. ಒಬ್ಬ ಹೋದ ಮೇಲೆ ಇನ್ನೊಬ್ಬ ಹೋಗ್ತಾನೆ, ಕೊನೆಗೆ ಉಳಿದವನಿಗೆ ಒಳ್ಳೆ ಷರತ್ತು ಸಿಗಲ್ಲ. ಕೈಯಲ್ಲಿ ಇನ್ನೂ ಬಲ ಇರುವಾಗಲೇ ಮಾತಿಗೆ ಕೂರಬೇಕು. ಫೆಬ್ರವರಿಯಲ್ಲಿ ಬಾಯ್ ಲಿಂಗ್ ಜೊತೆ ಮೊದಲ ಮಾತುಕತೆ ನಡೀತು. ಜಾಂಗ್ ಬಾವ್‌ಗೆ ತನ್ನ ಹಡಗು, ಜನ ಉಳಿಯಬೇಕು, ಸರ್ಕಾರಕ್ಕೆ ಎಲ್ಲ ಒಪ್ಪಿಸಬೇಕು. ಅಷ್ಟರಲ್ಲಿ ವಿದೇಶಿ ಹಡಗುಗಳು ಹತ್ತಿರದಲ್ಲಿ ಹಾದುಹೋದವು, ಇದು ಬಲೆ ಅಂತ ಅನುಮಾನಿಸಿ ಕಳ್ಳರು ಎದ್ದು ಹೋದರು. ಮಾತು ಮುರೀತು.

ಏಪ್ರಿಲ್‌ನಲ್ಲಿ ಅತ್ತಿಗೆ ತಾನೇ ಹೊರಟಳು. ಒಂದು ಕತ್ತಿ ಇಲ್ಲ, ಒಬ್ಬ ಕಾವಲಿನವನಿಲ್ಲ. ಜೊತೆಗೆ ಹದಿನೇಳು ಜನ ಹೆಂಗಸರು ಮಕ್ಕಳು, ಕಳ್ಳರ ಮನೆಯವರು. ಗುವಾಂಗ್‌ಜೌನಲ್ಲಿ ರಾಜ್ಯಪಾಲನ ಕಚೇರಿಗೆ ನಡೆದು ಹೋದಳು. ಒಳಗೆ ಹಾಕಿ ಬಾಗಿಲು ಮುಚ್ಚಿದ್ದರೆ ಅಲ್ಲಿಗೆ ಮುಗೀತಿತ್ತು. ಆದರೆ ಹೆಂಗಸರು ಮಕ್ಕಳನ್ನ ಮೋಸದಿಂದ ಹಿಡಿದ ಅಂತ ಆದರೆ, ಕಡಲಲ್ಲಿ ಫಿರಂಗಿ ಹಿಡಿದು ನಿಂತ ಸಾವಿರಾರು ಜನ ಏನು ಮಾಡ್ತಾರೆ ಅನ್ನೋದು ಬಾಯ್ ಲಿಂಗ್‌ಗೂ ಗೊತ್ತಿತ್ತು. ನಂಬಿಕೆಯ ಪ್ರಶ್ನೆಗೆ ಬಿದ್ದು ಮುರಿದಿದ್ದ ಮಾತು ಹೀಗೆ ಮತ್ತೆ ಕೂಡಿತು.

ಏಪ್ರಿಲ್ 20, 1810ರಂದು ಶರಣಾಗತಿ. ಸರ್ಕಾರದ ಲೆಕ್ಕ: 17,318 ಜನ, 226 ಹಡಗು, 1,315 ಫಿರಂಗಿ, 2,798 ಇತರ ಆಯುಧ. ಲೂಟಿ ಮಾಡಿದ್ದು ಅವರವರಿಗೇ ಉಳೀತು. ಹೆಚ್ಚಿನವರಿಗೆ ಕ್ಷಮೆ ಸಿಕ್ಕಿತು. ಸೈನ್ಯ ಸೇರ್ತೀನಿ ಅಂದವರನ್ನ ಸೇರಿಸಿಕೊಂಡರು. ಜಾಂಗ್ ಬಾವ್‌ಗೆ ಅಧಿಕಾರಿಯ ಹುದ್ದೆ, ಜೊತೆಗೆ ಇಪ್ಪತ್ತಕ್ಕೂ ಹೆಚ್ಚು ಹಡಗು. ಅವನಿಗೂ ಅತ್ತಿಗೆಗೂ ಇದ್ದ ಸಂಬಂಧ ಸರ್ಕಾರ ಒಪ್ಪಿದ ಮದುವೆಯಾಯ್ತು. ಬೆಂಕಿ ಹಚ್ಚಿಸಿಕೊಂಡ ಹಳ್ಳಿಗಳಿಗೆ ಈ ಒಪ್ಪಂದದಲ್ಲಿ ಜಾಗ ಇರಲಿಲ್ಲ.

ಜಾಂಗ್ ಬಾವ್ ಹೊಸ ಕೆಲಸಕ್ಕೆ ಸೇರಿ ಮೊದಲು ಮಾಡಿದ್ದು, ಮೊನ್ನೆವರೆಗೂ ಜೊತೆಗಿದ್ದ ನೀಲಿ ಬಾವುಟದ ನಾಯಕನನ್ನ ಹಿಡಿಯೋಕೆ ಸರ್ಕಾರಕ್ಕೆ ನೆರವಾಗಿದ್ದು. ಅವನಿಗೆ ಮರಣದಂಡನೆ ಆಯ್ತು. ಅದೇ ವರ್ಷ ಆರು ಬಣ್ಣದ ಕೂಟ ಮುಗೀತು. ಜಾಂಗ್ ಬಾವ್ ಮೇಲೇರುತ್ತಾ ಹೋಗಿ ಪೆಂಗ್‌ಹು ದ್ವೀಪಗಳಲ್ಲಿ ಸೇನಾಧಿಕಾರಿಯಾದ. ಅತ್ತಿಗೆಗೆ ಅವನಿಂದ 1813ರಲ್ಲಿ ಒಬ್ಬ ಮಗ ಹುಟ್ಟಿದ, ಆಮೇಲೆ ಒಬ್ಬಳು ಮಗಳು. 1822ರಲ್ಲಿ ಅವನೂ ಸತ್ತ, ಇನ್ನೂ ನಲವತ್ತು ಆಗಿರಲಿಲ್ಲ. ಎರಡನೇ ಸಲ ವಿಧವೆಯಾದ ಅತ್ತಿಗೆ ಮಕ್ಕಳನ್ನ ಕರಕೊಂಡು ಗುವಾಂಗ್‌ಡಾಂಗಿಗೆ ವಾಪಸ್ ಬಂದಳು.

ಆಮೇಲೆ ಆಕೆ ದಾಖಲೆಯಲ್ಲಿ ಮತ್ತೆ ಕಾಣೋದು 1840ರಲ್ಲಿ, ಕೋರ್ಟು ಕಚೇರಿಯ ಕಾಗದದಲ್ಲಿ. ಅರವತ್ತೈದರ ಮುದುಕಿ. ಒಬ್ಬ ಅಧಿಕಾರಿಯ ಮೇಲೆ ದೂರು ಕೊಟ್ಟಿದ್ದಾಳೆ: 1810ರಲ್ಲಿ ಜಮೀನು ಕೊಳ್ಳೋಕೆ ಅಂತ ಗಂಡ ಜಾಂಗ್ ಬಾವ್ ಅವನ ಕೈಗೆ 28,000 ತೇಲ್ ಬೆಳ್ಳಿ ಕೊಟ್ಟಿದ್ದ, ಅವನು ನುಂಗಿಹಾಕಿದ್ದಾನೆ ಅಂತ. ಮೂವತ್ತು ವರ್ಷದ ಹಿಂದಿನ ಬಾಕಿ. ಲೆಕ್ಕ ಮರೆತಿರಲಿಲ್ಲ.

ದೂರು ಹೋದದ್ದು ಆಗಿನ ರಾಜ್ಯಪಾಲ ಲಿನ್ ಝೆಶು ಮುಂದೆ. ಹಿಂದಿನ ವರ್ಷವಷ್ಟೇ ಬ್ರಿಟಿಷರ ಅಫೀಮನ್ನ ಹೂಮೆನ್‌ನಲ್ಲಿ ನಾಶ ಮಾಡಿಸಿ ಅಫೀಮು ಯುದ್ಧಕ್ಕೆ ಮುಖ ಕೊಟ್ಟಿದ್ದ ಅದೇ ಲಿನ್. ಅವನು ದೂರು ತಳ್ಳಿಹಾಕಿದ. ಅಷ್ಟಕ್ಕೇ ಬಿಡಲಿಲ್ಲ. ಅಧಿಕಾರಿಯ ಪತ್ನಿ ಅನ್ನೋ ಗೌರವದ ಪದವಿ ಆಕೆಗಿತ್ತು. ಒಮ್ಮೆ ವಿಧವೆಯಾಗಿ ಮತ್ತೆ ಮದುವೆಯಾದವಳಿಗೆ ಆ ಪದವಿ ಸಲ್ಲದು, ಅದನ್ನ ತೆಗೆಯಬೇಕು ಅಂತ ಚಕ್ರವರ್ತಿಗೆ ಬರೆದ.

ಕೊನೆಗಾಲದಲ್ಲಿ ಆಕೆ ಒಂದು ಜೂಜಿನ ಮನೆ ನಡೆಸ್ತಿದ್ದಳು. 1844ರಲ್ಲಿ, ಅರವತ್ತೊಂಬತ್ತರ ಸುಮಾರಿಗೆ, ಕಾಲವಾದಳು. ಎರಡನೇ ಗಂಡನ ಹೆಸರಿನ ಪದವಿ ಅಷ್ಟರಲ್ಲಿ ಕೈಬಿಟ್ಟಿತ್ತು. ಮೊದಲನೇ ಗಂಡನ ಹೆಸರು ಮಾತ್ರ ಅಂಟಿಕೊಂಡೇ ಉಳೀತು, ಜೆಂಗ್ ಯಿ ಅತ್ತಿಗೆ.